ಹಿಮನದಿಯ ಸ್ಥಳಪುರಾಣ

ರಾಜಾಜಿನಗರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಐದರ ಮೇಲೆ ಸೇರುವ ಹಿರಿಯರ ಮಾತು ಇಪ್ಪತ್ತು ವರ್ಷಗಳ ಹಿಂದೆ ಕಾಶಿಯ ರೈಲಿನ ಟಿಕೀಟು, ಧರ್ಮಶಾಲೆಯ ಕೋಣೆ, ಬದರಿಯ ಬಾಗಿಲು ತೆರೆಯುವ ದಿನ ಇವುಗಳ ಸುತ್ತ ಸುಳಿಯುತ್ತಿತ್ತು. ಮಕ್ಕಳೂ ಮೊಮ್ಮಕ್ಕಳೂ ಸಿಯಾಟಲ್, ವ್ಯಾಂಕೂವರ್, ಸ್ಯಾನ್ ಫ್ರಾನ್ಸಿಸ್ಕೋ ಮೊದಲಾದ ದೂರತೀರದ ಊರುಗಳಲ್ಲಿ ನೆಲೆಗೊಂಡ ತರುವಾಯ, ಬೇಸಿಗೆ ಸಮೀಪಿಸಿದಂತೆಲ್ಲ ಆ ಮಾತು ‘ಅಲಾಸ್ಕಾ ಕ್ರೂಸು’ ಎಂಬ ಎರಡು ಶಬ್ದಗಳ ಕಡೆಗೆ ತಾನಾಗಿ ತಿರುಗುತ್ತದೆ. ವಿಜಯನಗರದ ನಮ್ಮ ಬಂಧುಗಳು ಹೋಗಿ ಬಂದರು. ಬಸವೇಶ್ವರನಗರದ ನಿವೃತ್ತ ಅಧ್ಯಾಪಕ ದಂಪತಿಗಳು ಹೋಗಿಬಂದು ತಿಂಗಳುಗಟ್ಟಲೆ ಆ ನೀಲಿ ಹಿಮದ ಮಾತನ್ನೇ ಆಡಿದರು. ಈ ವರ್ಷ ಸರದಿ ನಮ್ಮ ಮನೆಗೆ ಬಂದಿದೆ. ಸಿಯಾಟಲಿನಲ್ಲಿರುವ ಮಗಳು ಏಳು ದಿನಗಳ ಯಾನದ ವೇಳಾಪಟ್ಟಿಯನ್ನು ಕಳುಹಿಸಿ, “ಅಣ್ಣಾ, ಅಮ್ಮನ ಮಂಡಿನೋವಿಗೆ ಇದಕ್ಕಿಂತ ಸುಖವಾದ ಯಾತ್ರೆ ಸಿಕ್ಕುವುದಿಲ್ಲ, ಹಡಗೇ ನಿಮ್ಮನ್ನು ಹಿಮದ ಬುಡಕ್ಕೆ ಕರೆದುಕೊಂಡು ಹೋಗುತ್ತದೆ” ಎಂದು ಹೇಳಿದಳು.

ಮುಖ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಆ ಹಡಗುಗಳು ಸಂಚರಿಸುತ್ತವೆಂಬುದು, ಉಣ್ಣೆಯ ಬಟ್ಟೆಯ ಮೇಲೆ ಮಳೆಯಂಗಿ ಅವಶ್ಯವೆಂಬುದು, ಸಸ್ಯಾಹಾರವೆಂದು ಮುಂಚಿತವಾಗಿಯೇ ಬರೆಸಿಡಬೇಕೆಂಬುದು, ಇವೆಲ್ಲ ಸಿದ್ಧತೆಯ ಅಂಗಗಳೇ ಸರಿ. ಆದರೆ ನಮ್ಮ ಹಿರಿಯರು ಕ್ಷೇತ್ರಕ್ಕೆ ಹೊರಡುವ ಮುನ್ನ ಅವಲಕ್ಕಿ ಚಟ್ನಿಪುಡಿಗಳ ಗಂಟನ್ನು ಕಟ್ಟುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಆ ಕ್ಷೇತ್ರದ ಮಾಹಾತ್ಮ್ಯವನ್ನು ಓದಿಸಿ ಕೇಳುತ್ತಿದ್ದರು. ಯಾವ ಋಷಿ ಅಲ್ಲಿ ತಪಸ್ಸು ಮಾಡಿದನು, ನದಿಗೆ ಆ ಹೆಸರು ಏಕೆ ಬಂದಿತು, ಯಾರು ಅಲ್ಲಿಂದ ಹೊರಟುಹೋದರು, ಯಾರು ಮರಳಿ ಬಂದರು ಎಂಬುದನ್ನು ಅರಿಯದೆ ಹೋದವನು ಊರನ್ನು ಕಂಡಾನೇ ಹೊರತು ಕ್ಷೇತ್ರವನ್ನು ಕಾಣಲಾರನು ಎಂಬುದು ಅವರ ನಂಬಿಕೆಯಾಗಿತ್ತು. ಆ ನಂಬಿಕೆ ನನ್ನದೂ ಹೌದು. ಆದುದರಿಂದ ಮಗಳ ವೇಳಾಪಟ್ಟಿಯನ್ನು ಬದಿಗಿಟ್ಟು, ಈ ಯಾನದ ಮುಕುಟಮಣಿಯೆನ್ನಿಸಿದ ಗ್ಲೇಸಿಯರ್ ಬೇ ಎಂಬ ಕೊಲ್ಲಿಯ ಸ್ಥಳಪುರಾಣವನ್ನು ಕಲೆಹಾಕತೊಡಗಿದೆನು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಉತ್ತರದ ಹಿಮವೂ ಸಮುದ್ರಯಾನವೂ ನಮ್ಮ ಜನಕ್ಕೆ ಬೇರೆಬೇರೆಯಾಗಿ ಪರಿಚಿತವಾಗಿದ್ದುವು, ಒಟ್ಟಾಗಿ ಎಂದೂ ಅಲ್ಲ. ಬೌಧಾಯನ ಧರ್ಮಸೂತ್ರವು ಉತ್ತರದೇಶದವರ ಐದು ವಿಶಿಷ್ಟ ಆಚಾರಗಳಲ್ಲಿ ಸಮುದ್ರಯಾನವನ್ನೂ ಸೇರಿಸಿ ಹೇಳುತ್ತದೆ. ಅದೇ ಗ್ರಂಥದ ಇನ್ನೊಂದೆಡೆಯಲ್ಲಿ ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿಗೂ ಅದನ್ನು ಸೇರಿಸಿರುವುದರಿಂದ, ಬಯಲುಸೀಮೆಯ ವೈದಿಕ ಮನೆತನಗಳಲ್ಲಿ ಹಡಗನ್ನೇರಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಉಳಿದುಬಂದಿತು. ಕರಾವಳಿಯ ಮಾತು ಬೇರೆ. ಹೊನ್ನಾವರ, ಭಟ್ಕಳ, ಬಾರಕೂರು, ಮಂಗಳೂರುಗಳ ಜನಕ್ಕೆ ಕಡಲು ಹಿತ್ತಲಿನಷ್ಟೇ ಪರಿಚಿತವಾಗಿತ್ತು. 1443ರಲ್ಲಿ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ವಿಜಯನಗರಕ್ಕೆ ಹೋದದ್ದು ಮಂಗಳೂರಿನ ಮಾರ್ಗವಾಗಿಯೇ. ಹಬೆಯ ಹಡಗನ್ನು ‘ಆಗಬೋಟು’ ಎಂಬ ಸೊಗಸಾದ ಹೆಸರಿನಿಂದ ಕರೆಯುತ್ತಿದ್ದವರೂ ಆ ತೀರದವರೇ. ಒಳನಾಡಿನವರಾದ ನಮಗೆ ದೂರಪ್ರಯಾಣವೆಂದರೆ ನೆಲದ ಮೇಲಿನ ಪ್ರಯಾಣ, ಹಿಮವೆಂದರೆ ಹಿಮಾಲಯ. 1931ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೈಲಾಸ ಮಾನಸಸರೋವರಗಳಿಗೆ ಹೋಗಿಬಂದುದನ್ನು ನಮ್ಮ ತಾತನವರು, ತಾವೇ ಹೋಗಿಬಂದವರಂತೆ, ಬಹುಕಾಲ ಬಣ್ಣಿಸುತ್ತಿದ್ದರು. ಮುಂದೆ ಮಗನ ಮನೆಗೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿಗಳ ಕಾಲ ಬಂದಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತಾಗ, ಆ ಬಗೆಯ ಪ್ರವಾಸಕ್ಕೆ ನಮ್ಮ ಸಾಹಿತ್ಯದಲ್ಲಿ ಒಂದು ಪೀಠವೇ ದೊರೆತಂತಾಯಿತು. ಇಂದಿನ ಅಲಾಸ್ಕಾ ಯಾನ ಆ ಪರಂಪರೆಯ ಈಚಿನ ಕೊಂಬೆ.

ಇನ್ನು ಕೊಲ್ಲಿಯ ಕಥೆಗೆ ಬರೋಣ.

ಅಮೆರಿಕ ಖಂಡದ ವಾಯವ್ಯ ಅಂಚಿನಲ್ಲಿ, ದ್ವೀಪಗಳ ಸಾಲಿಗೂ ಭೂಖಂಡದ ಪರ್ವತಗಳಿಗೂ ನಡುವೆ ಸುತ್ತಿಸುಳಿದು ಸಾಗುವ ಶಾಂತವಾದ ಜಲಮಾರ್ಗವೊಂದುಂಟು. ಹೊರಗಡಲಿನ ಅಬ್ಬರ ತಟ್ಟದ ಈ ದಾರಿಯ ಉತ್ತರಭಾಗದಲ್ಲಿ, ಈಗ ಗ್ಲೇಸಿಯರ್ ಬೇ ಎಂದು ಕರೆಯಿಸಿಕೊಳ್ಳುವೆಡೆಯಲ್ಲಿ, ಮುನ್ನೂರು ವರ್ಷಗಳ ಹಿಂದೆ ಕೊಲ್ಲಿಯೇ ಇರಲಿಲ್ಲ. ಹಿಮನದಿಯ ಮುಂದೆ ಹರಡಿದ ಹುಲ್ಲುಬಯಲೂ ಮೀನು ತುಂಬಿದ ಹೊಳೆಗಳೂ ಅಲ್ಲಿದ್ದುವು. ಟ್ಲಿಂಗಿಟ್ ಜನಾಂಗದ ಹೂನಾ ಪಂಗಡದವರು ಅಲ್ಲಿ ಊರು ಕಟ್ಟಿಕೊಂಡು ಬಾಳುತ್ತಿದ್ದರು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ, ಭೂಮಿಯ ಉತ್ತರಾರ್ಧವೆಲ್ಲ ಶೀತದಿಂದ ನಡುಗುತ್ತಿದ್ದ ಕಾಲದಲ್ಲಿ, ಆ ಹಿಮನದಿ ಮುಂದೆ ಮುಂದೆ ನುಗ್ಗಿ ಊರನ್ನು ಅರೆದುಹಾಕಿತು.

ಈ ವೃತ್ತಾಂತವನ್ನು ವಿಜ್ಞಾನಿಗಳು ಕಲ್ಲುಮಣ್ಣಿನ ಪದರಗಳಲ್ಲಿ ಓದಿದರು. ಹೂನಾ ಜನ ಅದನ್ನು ಬಾಯಿಂದ ಬಾಯಿಗೆ ಕಥೆಯಾಗಿ ಕಾಪಾಡಿದರು. ಕಾಸ್ತೀನ್ ಎಂಬ ಹುಡುಗಿ, ಮೈನೆರೆದವಳೆಂದು ಪದ್ಧತಿಯಂತೆ ಒಬ್ಬಂಟಿಯಾಗಿ ಮರೆಯಲ್ಲಿ ಕುಳಿತಿದ್ದಾಗ, ಬೇಸರದಿಂದಲೋ ಮರುಕದಿಂದಲೋ ದೂರದ ಹಿಮನದಿಯನ್ನು ನಾಯಿಯನ್ನು ಕರೆಯುವಂತೆ ಕರೆದು ಒಣಮೀನಿನ ತುಣುಕನ್ನು ತೋರಿದಳಂತೆ; ಹಿಮನದಿ ಓಡುವ ನಾಯಿಯ ವೇಗದಲ್ಲಿ ಬಂದೇಬಿಟ್ಟಿತಂತೆ. ಜನರೆಲ್ಲ ದೋಣಿಗಳಲ್ಲಿ ಸಾಮಾನು ತುಂಬಿ ಹೊರಟಾಗ, ತನ್ನಿಂದಾದ ಅನರ್ಥಕ್ಕೆ ತಾನೇ ಹೊಣೆಯೆಂದು ಆ ಹುಡುಗಿ ಮನೆಯಲ್ಲಿಯೇ ಉಳಿದಳೆಂದು ಕೆಲವರೂ, ಮಕ್ಕಳನ್ನು ಹೆರಬೇಕಾದ ಹುಡುಗಿ ಬದುಕಲೆಂದು ಅಜ್ಜಿಯು ಆಕೆಯ ಬದಲು ಉಳಿದಳೆಂದು ಇನ್ನು ಕೆಲವರೂ ಹೇಳುವರು. ಹಿಮ ಆ ಮನೆಯ ಮೇಲೆ ಹಾಯುವುದನ್ನು ದೋಣಿಯಲ್ಲಿದ್ದವರು ಕಂಡು, ಶೋಕಗೀತೆಯನ್ನು ಹಾಡುತ್ತ ಸಾಗಿದರು. ಕೆರೆಗೆ ಹಾರವಾದ ಸೊಸೆಯ ಕಥೆಯನ್ನು ತೊಟ್ಟಿಲಲ್ಲಿಯೇ ಕೇಳಿ ಬೆಳೆದ ನಮಗೆ, ಒಂದು ಊರಿನ ಉಳಿವಿಗಾಗಿ ಒಬ್ಬ ಹೆಣ್ಣು ಹಿಂದೆ ಉಳಿದಳೆಂಬ ಮಾತಿನ ಭಾರ ಎಷ್ಟೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಹೀಗೆ ಹೊರಟವರು ಕೊಲ್ಲಿಯ ಮುಂದಿನ ಜಲಸಂಧಿಯ ಆಚೆಯ ದಡದಲ್ಲಿ, ಬಡಗಣ ಗಾಳಿಗೆ ಮರೆಯಾದೆಡೆಯಲ್ಲಿ, ಈಗ ಹೂನಾ ಎಂದು ಹೆಸರಾದ ಊರನ್ನು ಕಟ್ಟಿಕೊಂಡರು. ಬಿಟ್ಟುಬಂದ ನೆಲಕ್ಕೆ ಅವರಿಟ್ಟ ಹೆಸರುಗಳಲ್ಲಿ ಒಂದರ ಅರ್ಥ ‘ಹಿಮನದಿಯಿದ್ದ ಜಾಗದ ಕೊಲ್ಲಿ’ ಎಂದು. ಎರಡೂವರೆ ಶತಮಾನಗಳ ಭೂಚರಿತ್ರೆ ಒಂದು ಹೆಸರಿನಲ್ಲಿ ಅಡಗಿದೆ.

1794ರ ಬೇಸಿಗೆಯಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ಸಹಾಯಕನಾದ ಜೋಸೆಫ್ ವಿಡ್ಬಿ ಎಂಬವನು ದೋಣಿಗಳಲ್ಲಿ ಆ ಜಲಸಂಧಿಯನ್ನು ಅಳೆಯುತ್ತ ಬಂದಾಗ, ಹಿಮದ ಗೋಡೆ ಕೊಲ್ಲಿಯ ಬಾಯಿಯಿಂದ ಒಂದಿಷ್ಟು ಹಿಂದೆ ಸರಿದಿತ್ತಷ್ಟೆ. ಅವನ ಕಣ್ಣಿಗೆ ಬಿದ್ದುದು ಸುಮಾರು ಐದು ಮೈಲಿ ಒಳಚಾಚಿದ ಒಂದು ತಗ್ಗು ಮಾತ್ರ. ಆಮೇಲೆ ರಷ್ಯನ್ನರು ತುಪ್ಪುಳಿನ ವ್ಯಾಪಾರಕ್ಕಾಗಿ ಆ ತೀರವನ್ನು ಆಳಿದರು, 1867ರಲ್ಲಿ ಅದನ್ನೆಲ್ಲ 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿದರು. ಆ ವಿಕ್ರಯದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲವೆಂಬುದನ್ನು ಮಾತ್ರ ಹೇಳಿ ಮುಂದೆ ಸಾಗುತ್ತೇನೆ.

1879ರ ಅಕ್ಟೋಬರಿನಲ್ಲಿ, ಕಾಡುಬೆಟ್ಟಗಳ ಉಪಾಸಕನೆಂದೇ ಖ್ಯಾತನಾದ ಜಾನ್ ಮ್ಯೂರ್, ಹಾಲ್ ಯಂಗ್ ಎಂಬ ಪಾದ್ರಿಯೊಡನೆ ಒಂದು ಮರದ ದೋಣಿಯಲ್ಲಿ ಈ ಕೊಲ್ಲಿಯನ್ನು ಹೊಕ್ಕನು. ಅವನೇ ಕೊಲ್ಲಿಯನ್ನು ‘ಕಂಡುಹಿಡಿದನು’ ಎಂದು ಅನೇಕ ಪುಸ್ತಕಗಳು ಬರೆಯುವುದುಂಟು. ಆ ಮಾತು ನ್ಯಾಯವಲ್ಲ. ದೋಣಿ ಟ್ಲಿಂಗಿಟ್ ಜನರದು. ಅದರ ನಾಯಕ ಟೊಯಾಟ್ ಎಂಬ ವೃದ್ಧ ಮುಖಂಡ. ದಾರಿ ತೋರಿದವನು ಕೊಲ್ಲಿಯೊಳಗೆ ಕಡಲುನಾಯಿಗಳ ಬೇಟೆಗೆ ಬಂದು ಗುಡಿಸಲಲ್ಲಿ ತಂಗಿದ್ದ ಹೂನಾ ಜನರಲ್ಲೊಬ್ಬ. ಮ್ಯೂರನ ಬಳಿಯಿದ್ದುದು ವ್ಯಾಂಕೂವರನ ಹಳೆಯ ನಕ್ಷೆ. ಅದರಲ್ಲಿ ಈ ಕೊಲ್ಲಿಯ ಸುಳಿವೇ ಇರಲಿಲ್ಲ. ಎಂಬತ್ತೈದು ವರ್ಷಗಳಲ್ಲಿ ಹಿಮದ ಗೋಡೆ ನಲವತ್ತು ಮೈಲಿಗಿಂತಲೂ ಹೆಚ್ಚು ಹಿಂದೆ ಸರಿದು, ನಕ್ಷೆಯಲ್ಲಿ ಬಿಳಿ ಗೋಡೆಯಿದ್ದೆಡೆಯಲ್ಲಿ ಅಲೆಯಾಡುವ ನೀರು ತುಂಬಿತ್ತು. ಮಳೆ, ಮಂಜು, ಚಳಿಗಳಿಗೆ ಅಂಜದೆ ಗುಡ್ಡವನ್ನೇರಿ ಆ ದೃಶ್ಯವನ್ನು ಕಂಡ ಮ್ಯೂರನ ಧೈರ್ಯಕ್ಕೂ ಭಕ್ತಿಗೂ ನಾನು ತಲೆಬಾಗುತ್ತೇನೆ. ಆದರೆ ಕೊಲ್ಲಿಯನ್ನು ಅರಿತಿದ್ದವರು ಹುಟ್ಟು ಹಾಕುತ್ತಿದ್ದವರು. ಆ ಟೊಯಾಟ್ ಕೆಲವೇ ತಿಂಗಳಲ್ಲಿ, ತನ್ನೂರಿನ ಕಲಹವೊಂದರಲ್ಲಿ ಪ್ರಾಣ ಕಳೆದುಕೊಂಡನು.

ಮ್ಯೂರನು ಪತ್ರಿಕೆಗಳಿಗೆ ಬರೆದ ಪತ್ರಗಳು ಜನರಲ್ಲಿ ಕುತೂಹಲವನ್ನು ಕೆರಳಿಸಿದುವು. 1880ರ ದಶಕದ ಆರಂಭದಲ್ಲಿ, ಬೆಂಗಳೂರಿನಿಂದ ಕೆಂಗೇರಿಯನ್ನು ಹಾಯ್ದು ಮೈಸೂರಿಗೆ ಹೊಸ ರೈಲು ಹೊಗೆಯುಗುಳುತ್ತ ಓಡತೊಡಗಿ, ನಮ್ಮ ಮುತ್ತಜ್ಜಂದಿರು ಅದರಲ್ಲಿ ಕುಳಿತು ದಸರೆಗೆ ಹೋಗುವುದನ್ನೇ ಮಹಾಪ್ರವಾಸವೆಂದು ಬಗೆಯುತ್ತಿದ್ದ ಕಾಲದಲ್ಲಿ, 1883ರ ಬೇಸಿಗೆಯಲ್ಲಿ, ಜೇಮ್ಸ್ ಕ್ಯಾರಲ್ ಎಂಬ ಕಪ್ತಾನನು ‘ಐಡಾಹೊ’ ಎಂಬ ಅಂಚೆಯ ಹಬೆಹಡಗನ್ನು, ತನ್ನ ನಿಯತವಾದ ದಾರಿಯನ್ನು ಬಿಟ್ಟು, ಪ್ರಯಾಣಿಕರ ಸಮೇತವಾಗಿ ಈ ಕೊಲ್ಲಿಯೊಳಕ್ಕೆ ತಿರುಗಿಸಿದನು. ಸರಿಯಾದ ನಕ್ಷೆಯಿಲ್ಲದ ನೀರಿನಲ್ಲಿ, ಆಳವನ್ನು ಅಳೆಯುತ್ತ ಅಳೆಯುತ್ತ ಮ್ಯೂರ್ ಹಿಮನದಿಯ ಮುಖದವರೆಗೆ ಹೋಗಿ ಬಂದ ಆ ದಿನವೇ ಇಂದಿನ ‘ಅಲಾಸ್ಕಾ ಕ್ರೂಸಿ’ನ ಜನ್ಮದಿನವೆನ್ನಬಹುದು. ಹಡಗಿನಲ್ಲಿದ್ದವರಲ್ಲಿ ಎಲಿಜಾ ಸಿಡ್ಮೋರ್ ಎಂಬ ತರುಣ ಲೇಖಕಿಯೊಬ್ಬಳಿದ್ದಳು. ಆಕೆ ಪತ್ರಿಕೆಗಳಿಗೆ ಕಳುಹಿಸಿದ ಬರೆಹಗಳು 1885ರಲ್ಲಿ ಗ್ರಂಥವಾಗಿ ಹೊರಬಂದು, ಮುಂದಿನ ಪ್ರವಾಸಿಗಳಿಗೆ ಕೈಪಿಡಿಯಾಯಿತು. ಆಕೆಯೇ ಮುಂದೆ ಭಾರತಕ್ಕೂ ಬಂದು 1903ರಲ್ಲಿ ನಮ್ಮ ದೇಶದ ಚಳಿಗಾಲವನ್ನು ಕುರಿತು ಇನ್ನೊಂದು ಗ್ರಂಥವನ್ನು ಬರೆದಳು; ವಾಷಿಂಗ್ಟನ್ ನಗರದಲ್ಲಿ ಜಪಾನಿನ ಚೆರ್ರಿ ಮರಗಳನ್ನು ನೆಡಿಸಬೇಕೆಂದು ವರ್ಷಾನುವರ್ಷ ಒತ್ತಾಯಿಸಿ 1912ರಲ್ಲಿ ಅದು ಕೈಗೂಡುವುದನ್ನೂ ಕಂಡಳು. ಬೆಂಗಳೂರಿನ ಬೀದಿಗಳಿಗೆ ಋತುವಿಗೊಂದರಂತೆ ಹೂವು ತೊಡಿಸಿದ ಲಾಲ್‌ಬಾಗಿನ ಕ್ರುಂಬಿಗಲ್ಲರನ್ನು ನೆನೆಯುವ ನಮಗೆ ಆಕೆ ಪರಕೀಯಳಾಗಿ ತೋರುವುದಿಲ್ಲ.

ಆಮೇಲೆ ಹದಿನೈದು ವರ್ಷ ಬೇಸಿಗೆಯಲ್ಲೆಲ್ಲ ಹಡಗುಗಳು ಬಂದುವು. ‘ಕ್ವೀನ್’ ಎಂಬ ದೊಡ್ಡ ಹಡಗು ಜನರನ್ನು ದಡಕ್ಕಿಳಿಸುತ್ತಿತ್ತು. ಉದ್ದ ಲಂಗದ ಮಹಿಳೆಯರೂ ಹ್ಯಾಟು ಧರಿಸಿದ ಮಹನೀಯರೂ ಹಲಗೆ ಹಾಸಿದ ದಾರಿಯಲ್ಲಿ ನಡೆದು ಹಿಮದ ಬೆನ್ನನ್ನೇರುತ್ತಿದ್ದರು. ಹಿಮದ ಮುಖದಿಂದ ಮನೆಯಷ್ಟು ದೊಡ್ಡ ತುಂಡುಗಳು ಕಳಚಿ ನೀರಿಗೆ ಬೀಳುವುದನ್ನು ಆ ಕಡೆಯ ನಾವಿಕರು, ಹಸು ಕರು ಹಾಕುವುದಕ್ಕೆ ಹೋಲಿಸಿ, ‘ಹಿಮನದಿ ಈಯಿತು’ ಎನ್ನುತ್ತಾರೆ. ಕಣ್ಣಿಗೆ ಕಂಡ ಮೇಲೆ ಅದರ ಗುಡುಗು ಕಿವಿಗೆ ಮುಟ್ಟಲು ಕ್ಷಣಗಳು ಹಿಡಿಯುತ್ತವೆ. ಅನೇಕ ವರ್ಷಗಳ ಹಿಮಪಾತದ ಭಾರದಿಂದ ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹಿಂಡಿಹೋಗಿ, ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಮಾತ್ರ ಹೊರಬಿಡುವ ಆ ನೀರ್ಗಲ್ಲಿನ ಬಣ್ಣವನ್ನು ನಮ್ಮ ಬಸವೇಶ್ವರನಗರದ ಮಿತ್ರರು ವರ್ಣಿಸಲು ಹೊರಟು, ಕೊನೆಗೆ ‘ನೀಲಕಂಠನ ಕೊರಳು’ ಎಂದು ನಿಲ್ಲಿಸಿದರು. ಅದಕ್ಕಿಂತ ಉತ್ತಮವಾದ ಉಪಮೆ ನನಗೂ ಹೊಳೆದಿಲ್ಲ. 1899ರ ಸೆಪ್ಟೆಂಬರ್ 10ರಂದು ಸಂಭವಿಸಿದ ಭೂಕಂಪದಿಂದ ಮ್ಯೂರ್ ಹಿಮನದಿಯ ಮುಖ ಪುಡಿಪುಡಿಯಾಗಿ, ಕೊಲ್ಲಿಯೆಲ್ಲ ತೇಲುವ ಹಿಮದಿಂದ ತುಂಬಿತು. ಹಡಗುಗಳು ಮೈಲಿಗಟ್ಟಲೆ ದೂರದಲ್ಲಿಯೇ ನಿಂತು ಹಿಂತಿರುಗಿದುವು, ಬಳಿಕ ಬರುವುದನ್ನೇ ಬಿಟ್ಟು ಬೇರೆ ಹಿಮನದಿಗಳ ಕಡೆ ತಿರುಗಿದುವು.

ಈ ಚರಿತ್ರೆಯ ಒಂದು ಎಳೆ ನೇರವಾಗಿ ರಾಜಾಜಿನಗರದ ಮನೆಯ ಮೇಜಿನವರೆಗೆ ಬಂದು ಮುಟ್ಟುವುದನ್ನು ಇಲ್ಲಿ ಹೇಳಬೇಕು. ಸಿಯಾಟಲಿನಿಂದ ಹೊರಟು ಅಲಾಸ್ಕಾವನ್ನು ಕಂಡು ಸಿಯಾಟಲಿಗೇ ಮರಳುವ ಯಾನಕ್ಕೆ ಅಮೆರಿಕದ ವೀಸಾ ಒಂದಿದ್ದರೆ ಸಾಲದೆ, ಕೆನಡದ ವೀಸಾ ಏಕೆ ಬೇಕು ಎಂದು ನನ್ನ ಹೆಂಡತಿ ಕೇಳಿದಳು. ಒಂದು ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗಿ ಸರದಿಯಲ್ಲಿ ನಿಂತು ಬಂದ ಮಂಡಿನೋವಿನವಳ ಪ್ರಶ್ನೆ ಅದು. ಉತ್ತರ ದೊರೆತದ್ದು 1886ರಲ್ಲಿ. ತಮ್ಮ ದೇಶದ ಹಡಗುಕಟ್ಟೆಗಳಿಗೂ ನಾವಿಕರಿಗೂ ರಕ್ಷಣೆ ಕೊಡಬೇಕೆಂದು ಅಮೆರಿಕದ ಶಾಸನಸಭೆ ಆ ವರ್ಷ ಒಂದು ಕಾನೂನನ್ನು ಮಾಡಿ, ವಿದೇಶೀಯ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸಕೂಡದೆಂದು ವಿಧಿಸಿತು. ಇಂದಿನ ಮಹಾನೌಕೆಗಳಾದರೋ ಇಟಲಿ, ಜರ್ಮನಿ, ಫಿನ್ಲೆಂಡ್, ಫ್ರಾನ್ಸ್‌ಗಳಲ್ಲಿ ನಿರ್ಮಿತವಾಗಿ, ಬಹಾಮಾ, ಬರ್ಮುಡ, ಪನಾಮ ಮೊದಲಾದ ದೇಶಗಳ ಧ್ವಜ ಹೊತ್ತಂಥವು. ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಿದರೆ ಮಾತ್ರ ಅವುಗಳ ಯಾನ ಶಾಸನಸಮ್ಮತವಾಗುತ್ತದೆ. ಆದುದರಿಂದಲೇ ಕೊನೆಯ ಸಂಜೆ ಕೆಲವು ಗಂಟೆಗಳ ಕಾಲ ಹಡಗು ಕೆನಡದ ವಿಕ್ಟೋರಿಯದಲ್ಲಿ ನಿಲ್ಲುತ್ತದೆ. ಆ ಕೆಲವು ಗಂಟೆಗಳಿಗಾಗಿ ಭಾರತದ ಪಾಸ್‌ಪೋರ್ಟಿನವರು ತಿಂಗಳುಗಳ ಮುಂಚೆಯೇ ಇನ್ನೊಂದು ಅರ್ಜಿಯನ್ನು ತುಂಬಬೇಕಾಗುತ್ತದೆ. ಕೋವಿಡಿನ ಕಾಲದಲ್ಲಿ ಕೆನಡ ತನ್ನ ಬಂದರುಗಳನ್ನು ಮುಚ್ಚಿದಾಗ, ಈ ಹಳೆಯ ಕಾನೂನಿನಿಂದಲೇ ಈ ಮಹಾನೌಕೆಗಳ ಅಲಾಸ್ಕಾ ಯಾನ ನಿಂತು, 2021ರ ಮೇ ತಿಂಗಳಲ್ಲಿ ತಾತ್ಕಾಲಿಕ ವಿನಾಯಿತಿಗಾಗಿ ಬೇರೊಂದು ಶಾಸನವನ್ನೇ ಮಾಡಬೇಕಾಯಿತು.

ಕೊಲ್ಲಿ ಮತ್ತೆ ಜನರ ಗಮನವನ್ನು ಸೆಳೆದದ್ದು ಸಸ್ಯವಿಜ್ಞಾನದ ಮೂಲಕ. 1916ರಲ್ಲಿ ವಿಲಿಯಂ ಕೂಪರ್ ಎಂಬ ವಿಜ್ಞಾನಿ, ಹಿಮ ಬಿಟ್ಟುಹೋದ ಬರಿಗಲ್ಲಿನ ನೆಲದಲ್ಲಿ ಪುಟ್ಟ ಪುಟ್ಟ ಚೌಕಗಳನ್ನು ಗುರುತಿಸಿ, ಅಲ್ಲಿ ಏನು ಮೊಳೆಯುತ್ತದೆಂದು ಮತ್ತೆ ಮತ್ತೆ ಬಂದು ಬರೆದಿಡತೊಡಗಿದನು: ಮೊದಲು ಪಾಚಿ, ಆಮೇಲೆ ನೆಲಕ್ಕಂಟುವ ಸಣ್ಣ ಗಿಡ, ಆಮೇಲೆ ಮಣ್ಣಿಗೆ ಸಾರ ತುಂಬುವ ಆಲ್ಡರ್ ಪೊದೆ, ಕೊನೆಗೆ ಸ್ಪ್ರೂಸ್ ಮರಗಳ ಕತ್ತಲೆಗಾಡು. ಶೂನ್ಯದಿಂದ ಅರಣ್ಯವಾಗುವ ಕ್ರಮವನ್ನು ಹೀಗೆ ಒಂದೇ ಕೊಲ್ಲಿಯ ದಡದ ಉದ್ದಕ್ಕೂ ಓದಬಹುದು. ಬಾಯಿಯ ಬಳಿ ಹೆಗ್ಗಾಡು, ತಲೆಯ ಬಳಿ ನಿನ್ನೆ ಮೊನ್ನೆ ಬಯಲಾದ ಬಂಡೆ. ಕೂಪರನೂ ಅವನ ಸಂಗಡಿಗರೂ ಒತ್ತಾಯಿಸಿದುದರ ಫಲವಾಗಿ 1925ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೂಲಿಜ್ ಈ ಪ್ರದೇಶವನ್ನು ರಕ್ಷಿತ ಸ್ಮಾರಕವೆಂದು ಘೋಷಿಸಿದನು. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 1992ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗ ದಿನವೊಂದಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಪ್ರವಾಸನೌಕೆಗಳಿಗೆ ಒಳಕ್ಕೆ ಅವಕಾಶವಿಲ್ಲ. ಐಡಾಹೊ ಹಡಗಿನವರು ಬೆರಗಿನಿಂದ ನೋಡಿದ ಮ್ಯೂರ್ ಹಿಮನದಿ ಇಂದು ನೀರನ್ನು ಬಿಟ್ಟು ಬೆಟ್ಟದೊಳಕ್ಕೆ ಸರಿದುಹೋಗಿದೆ. ಈಗಿನವರು ನೋಡುವುದು, ಕೊಲ್ಲಿಯ ಬಾಯಿಂದ ಅರವತ್ತು ಮೈಲಿಗೂ ಹೆಚ್ಚು ಒಳಗಿರುವ, ಮಾರ್ಜರಿ ಎಂಬ ಬೇರೆ ಹಿಮನದಿಯನ್ನು.

ಈ ರಕ್ಷಣೆಯಲ್ಲಿ ಒಂದು ಅನ್ಯಾಯವೂ ಸೇರಿಕೊಂಡಿತ್ತು. ಹಿಮ ಸರಿದಂತೆಲ್ಲ ಹಿಂದೆ ಹಿಂದೆಯೇ ಮರಳಿ ಬಂದು, ಅಜ್ಜಂದಿರ ನೆಲದಲ್ಲಿ ಕಡಲುನಾಯಿಯನ್ನು ಬೇಟೆಯಾಡುತ್ತ, ವಸಂತದಲ್ಲಿ ಕಡಲಕ್ಕಿಯ ಮೊಟ್ಟೆಗಳನ್ನು ಹೆಕ್ಕುತ್ತ, ಹಣ್ಣು ಕೊಯ್ಯುತ್ತ ಇದ್ದ ಹೂನಾ ಜನಕ್ಕೆ, ರಕ್ಷಿತ ಪ್ರದೇಶದ ನಿಯಮಗಳು ಕ್ರಮಕ್ರಮವಾಗಿ ಬಾಗಿಲು ಮುಚ್ಚಿದುವು. ಒಮ್ಮೆ ಹಿಮ ಹೊರಹಾಕಿತ್ತು, ಎರಡನೆಯ ಸಲ ಕಾನೂನು ಹೊರಹಾಕಿತು. ಅದರ ನಡುವೆ 1944ರಲ್ಲಿ ಹೂನಾ ಊರು ಬೆಂಕಿಗೆ ಸಿಕ್ಕಿ, ತಲೆತಲಾಂತರದ ಕುಲಚಿಹ್ನೆಗಳೂ ಮರದ ಮನೆಗಳೂ ಬೂದಿಯಾದುವು. ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳಲ್ಲಿ ಜೇನುಕುರುಬರೂ ಸೋಲಿಗರೂ ಅನುಭವಿಸಿದುದನ್ನು ಬಲ್ಲ ಕನ್ನಡಿಗನು ಈ ಕಥೆಯನ್ನು ಕೇಳಿ ತಣ್ಣಗೆ ಕುಳಿತಿರಲಾರನು. ಕಾಡನ್ನು ಕಾಯಬೇಕಾದುದು ನಿಜ, ಆದರೆ ಅದನ್ನು ಅರಿತು ಬಾಳಿದವರನ್ನು ಅತಿಕ್ರಮಿಗಳೆಂದು ಎಣಿಸುವುದು ಎಲ್ಲಿ ನಡೆದರೂ ತಪ್ಪೇ.

ಆ ತಪ್ಪನ್ನು ತಿದ್ದುವ ಕಾರ್ಯ ತಡವಾಗಿಯಾದರೂ ಆರಂಭವಾಗಿದೆ. 2014ರ ಕಾನೂನೊಂದು ಮೊಟ್ಟೆ ಹೆಕ್ಕುವ ಹಳೆಯ ಹಕ್ಕನ್ನು ಹೂನಾ ಜನಕ್ಕೆ ಮಿತವಾಗಿ ಹಿಂದಿರುಗಿಸಿತು. 2016ರ ಆಗಸ್ಟಿನಲ್ಲಿ ಹೂನಾದಿಂದ ಹೊರಟ ದೋಣಿಗಳು, ಕಾಸ್ತೀನಳ ಕಾಲದಲ್ಲಿ ಹೊರಟುಬಂದ ದಿಕ್ಕಿಗೇ ಮುಖಮಾಡಿ, ಕೊಲ್ಲಿಯೊಳಗಿನ ಬಾರ್ಟ್‌ಲೆಟ್ ಕೋವ್ ಎಂಬಲ್ಲಿಗೆ ಬಂದುವು. ಅಲ್ಲಿ, ದೇವದಾರುಜಾತಿಯ ಮರದಿಂದ ಕಟ್ಟಿ ನಾಲ್ಕು ಕುಲಗಳ ಚಿತ್ರಗಳನ್ನು ಕೆತ್ತಿದ ಮನೆಯೊಂದು ಅವರಿಗಾಗಿ ಸಿದ್ಧವಾಗಿತ್ತು. ಇನ್ನೂರೈವತ್ತು ವರ್ಷಗಳ ಮೇಲೆ ತಾಯ್ನೆಲದಲ್ಲಿ ಅವರ ಕುಲದ ಮನೆ ಎದ್ದುದು ಅದೇ ಮೊದಲು. ಪ್ರಾರಂಭೋತ್ಸವದ ಆ ದಿನದ ಚಿತ್ರಗಳನ್ನು ನೋಡುವಾಗ, ಹುಟ್ಟುಗಳನ್ನು ನೆಟ್ಟಗೆ ಮೇಲಕ್ಕೆತ್ತಿ ದಡವನ್ನು ಸಮೀಪಿಸುವ ಆ ಜನರನ್ನು ಕಂಡು ನನ್ನ ಕಣ್ಣು ತುಂಬಿತು.

ದೊಡ್ಡ ನೌಕೆಗಳು ಬಾರ್ಟ್‌ಲೆಟ್ ಕೋವಿನಲ್ಲಿ ನಿಲ್ಲುವುದಿಲ್ಲ. ಅವು ಉದ್ಯಾನದ ಮಾರ್ಗದರ್ಶಕರನ್ನು ಹತ್ತಿಸಿಕೊಂಡು ನೇರವಾಗಿ ಹಿಮದ ಮುಖಕ್ಕೆ ಹೋಗಿ, ಒಂದಿಷ್ಟು ಹೊತ್ತು ನಿಂತು ಮರಳುತ್ತವೆ. ಆದುದರಿಂದ, ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ಈ ಬೇಸಿಗೆಗೋ ಮುಂದಿನ ಬೇಸಿಗೆಗೋ ಈ ಯಾನವನ್ನು ಯೋಜಿಸುತ್ತಿರುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು: ಯಾವ ಹಡಗಿನ ಕೋಣೆ ದೊಡ್ಡದು, ಯಾವುದರಲ್ಲಿ ದಕ್ಷಿಣದ ಊಟ ಸಿಕ್ಕುತ್ತದೆ ಎಂಬುದನ್ನು ವಿಚಾರಿಸುವುದರ ಜೊತೆಗೆ, ಆ ಹಡಗು ಹೂನಾ ಊರಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನೂ ಮಕ್ಕಳಿಂದ ಕೇಳಿ ತಿಳಿಯಿರಿ. ಅಲ್ಲಿ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆಯನ್ನು ಹೂನಾ ಜನರ ಸಂಸ್ಥೆಯೇ 2004ರಿಂದ ಪ್ರವಾಸಿಗಳ ತಂಗುದಾಣವಾಗಿ ನಡೆಸುತ್ತಿದೆ. ಕಾಸ್ತೀನಳ ಕುಲದವರು ಅಲ್ಲಿದ್ದಾರೆ. ಮೈಯಲ್ಲಿ ಶಕ್ತಿಯೂ ಕೈಯಲ್ಲಿ ಇನ್ನೆರಡು ದಿನಗಳೂ ಇದ್ದವರು, ಯಾನ ಮುಗಿದ ಮೇಲೆ ಅಲಾಸ್ಕಾದ ಜೂನೋ ನಗರವನ್ನು ತಲುಪಿ, ಗಸ್ಟೇವಸ್ ಎಂಬ ಹಳ್ಳಿಗೆ ಸಣ್ಣ ವಿಮಾನದಲ್ಲಿ ಹೋಗಿ, ಅಲ್ಲಿಂದ ಹತ್ತು ಮೈಲಿಯ ರಸ್ತೆಯಲ್ಲಿ ಬಾರ್ಟ್‌ಲೆಟ್ ಕೋವನ್ನು ಸೇರಿ ಆ ಮರದ ಮನೆಯ ಮುಂದೆ ನಿಂತು ಬರಬಹುದು. ನಾವು ಹೂನಾದಲ್ಲಿ ನಿಲ್ಲುವ ಹಡಗನ್ನೇ ಆರಿಸಿಕೊಂಡಿದ್ದೇವೆ.